ಅಷ್ಟಮಿಯ ಬೋಣಿ

“ಅಲ್ಲಿ ಬೇಡ ನಳಿನಾ, ಇವತ್ತೊಂದು ದಿನ ಒಳಗೆ ಕೂತ್ಕೊ,” ಎನ್ನುತ್ತ ತಾರಾನಾಥ ಅವಳು ಹಾಕಿಕೊಂಡ ಪ್ಲಾಸ್ಟಿಕ್ ಸ್ಟೂಲನ್ನು ಎತ್ತಿಯೇಬಿಟ್ಟ. ಹೂವಿನ ಬುಟ್ಟಿ ಹಿಡಿದುಕೊಂಡು ಕೂರಲೆಂದು ಅರ್ಧ ಬಗ್ಗಿದ್ದ ನಳಿನಾಕ್ಷಿ ಹಾಗೆಯೇ ನಿಂತಳು. ಇನ್ನೊಂದು ಗೇಣು ಬಗ್ಗಿದ್ದರೆ ಕಾಪು ಪೇಟೆಯ ನಡುವೆ, ಕೃಷ್ಣಾಷ್ಟಮಿಯ ಬೆಳಿಗ್ಗೆ, ಅಂಗಾತ ಬೀಳುತ್ತಿದ್ದಳು.

“ಒಳಗೆ ಅಂದ್ರೆ ಎಲ್ಲಿ?”

“ಅಲ್ಲಿ, ತೆಂಗಿನಕಾಯಿ ಗೋಣಿಯ ಹತ್ರ. ಫ್ಯಾನೂ ಉಂಟು. ನೀನು ಆರಾಮ ಕೂತು ಹೂ ಕಟ್ಟು, ಮಾರುವುದು ನಾನು ನೋಡ್ಕೊಳ್ತೇನೆ.”

ಆ ಫ್ಯಾನು ತಿರುಗಿದ್ದನ್ನು ಅವಳು ಹದಿನಾಲ್ಕು ವರ್ಷಗಳಲ್ಲಿ ಒಮ್ಮೆಯೂ ನೋಡಿರಲಿಲ್ಲ. ಹದಿನಾಲ್ಕು ವರ್ಷ ಅವಳು ಕೂತದ್ದು ಇದೇ ಜಗಲಿಯ ಕಂಬದ ಪಕ್ಕದಲ್ಲಿ. ಉಡುಪಿಯ ಬಸ್ಸು ನಿಲ್ಲುವುದು ಅಲ್ಲಿಯೇ. ಹತ್ತುವವರು ಇಳಿಯುವವರು ಎಲ್ಲರೂ ಅವಳ ಬುಟ್ಟಿಯನ್ನು ದಾಟಿಯೇ ಹೋಗಬೇಕು. ಮಲ್ಲಿಗೆ ಕಾಣುವ ಮೊದಲು ಅದರ ಪರಿಮಳ, ಪರಿಮಳದ ಹಿಂದೆಯೇ ಅವಳ ಬಾಯಿ. “ಬನ್ನಿ ಟೀಚರೇ, ನಿನ್ನೆ ಎಂತ ಮುಖ ತಿರುಗಿಸಿಕೊಂಡು ಹೋದ್ರಿ?” ಎಂದು ಅವಳು ಕೂಗಿದರೆ, ಹೂ ಬೇಡದವರೂ ಒಂದು ಗಳಿಗೆ ನಿಲ್ಲುತ್ತಿದ್ದರು. ಮಾರಾಟದಲ್ಲಿ ತಾರಾನಾಥನಿಗೆ ಇಂತಿಷ್ಟೆಂದು ಪಾಲು. ಆ ವಿಷಯದಲ್ಲಿ ಇಬ್ಬರ ನಡುವೆ ಒಂದು ದಿನವೂ ಮಾತು ಎದ್ದದ್ದಿಲ್ಲ.

ತಾರಾನಾಥ ಕೆಟ್ಟವನಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು. ಕೆಟ್ಟವನಾಗಿದ್ದರೆ ನಾಲ್ಕು ಬೈದು ಮುಗಿಸಬಹುದಿತ್ತು. ಕಾಯಿ, ಬಾಳೆಹಣ್ಣು, ಊದುಬತ್ತಿ ಮಾರುವ ಅಂಗಡಿ ಅವನದು. ಊರಿನ ಯುವಕ ವೃಂದಕ್ಕೆ ಗೌರವಾಧ್ಯಕ್ಷ. ಅವಳು ಸುಟ್ಟುಕೊಂಡು ಮಣಿಪಾಲದ ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ರಕ್ತಕ್ಕಾಗಿ ಹುಡುಗರನ್ನು ಜೀಪಿನಲ್ಲಿ ತುಂಬಿಸಿಕೊಂಡು ಹೋದವನೂ ಅವನೇ. ಅಂಥವನು ಈಗ ಸ್ಟೂಲನ್ನು ಎದೆಗೆ ಅವಚಿಕೊಂಡು ನಿಂತಿದ್ದ.

“ಹಾಗಲ್ಲ ಮಾರಾಯ್ತಿ. ಹಬ್ಬದ ದಿನ. ದೇವರಿಗೆ ಹೋಗುವ ಹೂವು. ಜನ ಎಂತಾದ್ರೂ ಹೇಳ್ತಾರೆ.”

“ಹೂವಿಗೆ ಸುಟ್ಟಿಲ್ಲ ತಾರಣ್ಣ. ಸುಟ್ಟದ್ದು ನನಗೆ.”

ಅವನ ಕೈಯಿಂದ ಸ್ಟೂಲನ್ನು ಎಳೆದುಕೊಂಡು, ಕಂಬದ ಪಕ್ಕದಲ್ಲಿ ಕುಟ್ಟಿ ಇಟ್ಟು, ಅವಳು ಕೂತಳು. ತಾರಾನಾಥ ರಸ್ತೆಯ ಕಡೆ ಒಮ್ಮೆ ನೋಡಿ, ಗಡಿಯಾರ ನೋಡಿ, ಒಳಗೆ ಹೋದ. ಮನೆಯಿಂದ ಹೊರಡುವಾಗ ಮಗಳು ಹರ್ಷಿಣಿಯೂ ಹೀಗೆಯೇ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ್ದಳು. “ಅಮ್ಮಾ, ನಾಡಿದ್ದಿನಿಂದ ಹೋಗು. ಇವತ್ತು ಬೇಡ.” ಯಾಕೆಂದು ಕೇಳಿದರೆ ಮೊಬೈಲನ್ನು ಮಗುಚಿ ಹಾಕಿ, “ರಶ್ ಇರ್ತದೆ” ಎಂದಿದ್ದಳು. ರಶ್ ಇರುವ ದಿನ ಹೂ ಮಾರದೆ ಬೇರೆ ಯಾವಾಗ ಮಾರುವುದು!

ಸುಟ್ಟುಕೊಂಡ ಮೇಲೆ ಅವಳು ಬುಟ್ಟಿ ಹಿಡಿದು ಬಂದದ್ದು ಇವತ್ತೇ ಮೊದಲು. ಬೇಕಾದದ್ದು ಹೆಚ್ಚೇನಲ್ಲ. ಯಾರಾದರೂ ಒಬ್ಬರು ಅವಳ ಕೈಯಿಂದ ಹೂ ತೆಗೆದುಕೊಂಡು, ಅದರ ಕ್ರಯ ಕೊಟ್ಟು ಹೋಗಬೇಕು. ಒಂದು ಬೋಣಿ. ಅದೊಂದು ಆಗಿಬಿಟ್ಟರೆ ನಾಳೆಯೂ ಬರಬಹುದು, ನಾಡಿದ್ದೂ ಬರಬಹುದು. ಇವತ್ತು ಬುಟ್ಟಿ ಹಾಗೆಯೇ ತಿರುಗಿ ಹೋದರೆ ತಾರಾನಾಥ ಹೇಳಿದ್ದೇ ಸರಿಯಾಯಿತು. ಮತ್ತೆ ಈ ಕಂಬದ ಹತ್ತಿರ ಬರಲು ಅವಳಿಗೇ ಧೈರ್ಯ ಬರಲಾರದು.

ಎಂಟು ತಿಂಗಳ ಹಿಂದೆ, ಡಿಸೆಂಬರಿನ ಒಂದು ಬೆಳಿಗ್ಗೆ, ಹಾಲು ಕಾಯಿಸಲೆಂದು ಒಲೆಯ ಎದುರು ಲೈಟರ್ ಒತ್ತಿದ್ದಳು. ಗ್ಯಾಸಿನ ರಬ್ಬರ್ ಪೈಪು ಎಲ್ಲಿಯೋ ಬಿರುಕು ಬಿಟ್ಟಿತ್ತು. ಅಷ್ಟೇ. ಇದರಲ್ಲಿ ಕಥೆ ಏನೂ ಇಲ್ಲ. ಆದರೆ ಜನಕ್ಕೆ ಕಥೆ ಬೇಕಲ್ಲ! ಗಂಡ ವಾಸು ಆ ಹೊತ್ತು ಮಲ್ಪೆಯ ಬೋಟಿನಲ್ಲಿ, ದಡ ಕಾಣದಷ್ಟು ದೂರದ ಸಮುದ್ರದಲ್ಲಿ ಬಲೆ ಎಳೆಯುತ್ತಿದ್ದ. ಆದರೂ ಸುದ್ದಿ ಹಿರಿಯಡ್ಕ ತಲುಪುವಾಗ ಅವನೇ ಕುಡಿದು ಬಂದು ಸೀಮೆಎಣ್ಣೆ ಸುರಿದಿದ್ದ. ಪೆರ್ಡೂರು ತಲುಪುವಾಗ ಅವಳೇ ಸುರಿದುಕೊಂಡಿದ್ದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಈ ಲೋಕದಲ್ಲಿ ಬರಗಾಲ ಇಲ್ಲ. ನೋಡಲು ಬಂದ ಒಬ್ಬೊಬ್ಬರೂ ಬ್ರೆಡ್ಡು ಹಾರ್ಲಿಕ್ಸು ಮಂಚದ ಬುಡದಲ್ಲಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ಸ್ವರ ಇಳಿಸಿ ಕೇಳಿದರು: “ಗ್ಯಾಸೇ ಅಲ್ವಾ? ಬೇರೆ ಎಂತ ಇಲ್ಲ ಅಲ್ವಾ?” ಮೊದಮೊದಲು ಅವಳು ದೇವರ ಮೇಲೆ ಆಣೆ ಹಾಕಿ ಉತ್ತರ ಕೊಟ್ಟಳು. ಆಮೇಲೆ ಕಣ್ಣು ಮುಚ್ಚಿ ಮಲಗಿದಳು. ಸುಟ್ಟ ಮುಖದ ಒಂದು ಲಾಭ ಅದು, ನಿದ್ದೆಯೋ ನಟನೆಯೋ ಯಾರಿಗೂ ತಿಳಿಯುವುದಿಲ್ಲ.

ನಾಲ್ಕು ಆಪರೇಷನ್ ಆದವು. ತೊಡೆಯ ಚರ್ಮ ತೆಗೆದು ಕೆನ್ನೆಗೆ, ಕುತ್ತಿಗೆಗೆ, ಎರಡೂ ಕೈಗಳಿಗೆ ಹಚ್ಚಿದರು. ಹೊಸ ಚರ್ಮ ಗಂಟುಗಟ್ಟದ ಹಾಗೆ ಒತ್ತಿ ಹಿಡಿಯಲು ಮೈಬಣ್ಣದ ಬಿಗಿಬಟ್ಟೆಯ ಒಂದು ಮುಖವಾಡ ಹೊಲಿದುಕೊಟ್ಟರು. ಕಣ್ಣಿಗೆ, ಮೂಗಿಗೆ, ಬಾಯಿಗೆ ಮಾತ್ರ ತೂತು. ಕೈಗೂ ಅದೇ ಬಟ್ಟೆಯ ಗವಸು, ಬೆರಳ ತುದಿ ಹೊರಗೆ ಕಾಣುವ ಹಾಗೆ. ದಿನಕ್ಕೆ ಇಪ್ಪತ್ತಮೂರು ಗಂಟೆ ಹಾಕಿರಬೇಕು, ಒಂದು ವರ್ಷ. ಬೇಸಿಗೆಯಲ್ಲಿ ಅದರೊಳಗೆ ಎದ್ದ ತುರಿಕೆಯನ್ನು ಶತ್ರುವಿಗೂ ಬಯಸಬಾರದು. ಆದರೂ ಹಾಕಿಕೊಂಡಳು. ವ್ಯಾಯಾಮ ಹೇಳಿಕೊಡುವ ಪ್ರಣೀತಾ ಎಂಬ ಹುಡುಗಿ ಒಂದು ದಿನ, “ನೀವು ಮೊದಲು ಎಂತ ಕೆಲಸ ಮಾಡ್ತಿದ್ರಿ ಆಂಟಿ?” ಎಂದು ಕೇಳಿದಳು. ಹೂ ಕಟ್ಟುವುದು ಎಂದಾಗ, “ಹಾಗಾದ್ರೆ ಈ ರಬ್ಬರ್ ಚೆಂಡು ಅದುಮುವುದು ಸಾಕು, ನಾಳೆ ಬರುವಾಗ ಬಾಳೆನಾರು ತನ್ನಿ,” ಎಂದಿದ್ದಳು. ಆಸ್ಪತ್ರೆಯಲ್ಲಿ ಯಾರಾದರೂ ಅವಳಿಗೆ ಮುಂದಿನ ದಿನಗಳ ಬಗ್ಗೆ ಮಾತಾಡಿದ್ದು ಅದೇ ಮೊದಲು.

ತೋರುಬೆರಳು ಮಡಚುವುದಿಲ್ಲ. ಹಾಗಾಗಿ ಮೊಗ್ಗನ್ನು ನಡುಬೆರಳು, ಹೆಬ್ಬೆರಳ ನಡುವೆ ಹಿಡಿದು ನಾರು ಸುತ್ತುವುದನ್ನು ಹೊಸದಾಗಿ ಕಲಿತಳು. ಎಂಟುನೂರು ಮೊಗ್ಗು ಸೇರಿದರೆ ಒಂದು ಚೆಂಡು ಮಲ್ಲಿಗೆ. ಮೊದಲು ಮಾತಾಡುತ್ತ ಮಾತಾಡುತ್ತ ಒಂದು ಗಂಟೆಯೊಳಗೆ ಕಟ್ಟಿ ಬಿಸಾಡುತ್ತಿದ್ದವಳಿಗೆ ಈಗ ನಾಲ್ಕು ಗಂಟೆ ಬೇಕು. ಶಂಕರಪುರದಲ್ಲಿ ಮಲ್ಲಿಗೆ ಬೆಳೆಯುವ ಆನ್ಸಿಲ್ಲಾ ಬಾಯಿಯವರು, ಕಟ್ಟಿದ ಹೂವಿನ ಜೊತೆ ಒಂದು ಪೊಟ್ಟಣ ಬಿಡಿ ಮೊಗ್ಗನ್ನೂ ಬೆಳಗಿನ ಜಾವವೇ ಕಳಿಸಿದ್ದರು. ಇವತ್ತಿನ ಬುಟ್ಟಿಯ ಆರು ಚೆಂಡುಗಳಲ್ಲಿ ಒಂದು, ಬಾಳೆಲೆಯ ಮೇಲೆ ಎಲ್ಲಕ್ಕಿಂತ ಮುಂದೆ ಇಟ್ಟದ್ದು, ನಳಿನಾಕ್ಷಿ ತಾನೇ ಕಟ್ಟಿದ್ದು.

ಹತ್ತು ಗಂಟೆಯಾದರೂ ಬೋಣಿಯಾಗಲಿಲ್ಲ. ಬಂದವರು ಕಂಬದವರೆಗೆ ಬರುತ್ತಿದ್ದರು, ಅವಳನ್ನು ಕಾಣುತ್ತಿದ್ದರು, ಅಲ್ಲಿಂದ ಚಪ್ಪಲಿ ಸೀದಾ ಅಂಗಡಿಯೊಳಗೆ ತಿರುಗುತ್ತಿತ್ತು.

“ತಾರಣ್ಣ, ಮಲ್ಲಿಗೆ ಉಂಟಾ?”

“ಉಂಟು, ಹೊರಗೆ, ನಳಿನಾಕ್ಷಿಯ ಹತ್ರ.”

“ಅಲ್ಲ... ಇರಲಿ. ಸೇವಂತಿಗೆ ಆದೀತು.”

ಮದುವೆಗೂ ಹೀಗೆಯೇ ಆಗಿತ್ತು. ಮೇ ತಿಂಗಳಲ್ಲಿ ವಾಸುವಿನ ಅಣ್ಣನ ಮಗನ ಮದುವೆ. ಕರೆಯಲು ಬಂದವರು ಕಾಗದವನ್ನು ವಾಸುವಿನ ಕೈಯಲ್ಲಿಟ್ಟು, “ನಳಿನಾ, ನೀನು ಬಿಸಿಲಿಗೆ ಬರುವುದು ಬೇಡ, ಸುಸ್ತಾಗ್ತದೆ,” ಎಂದಿದ್ದರು. ಮದುವೆ ನಡೆದದ್ದು ಏಸಿ ಹಾಲಿನಲ್ಲಿ. ಬಿಸಿಲಂತೆ! ಅವತ್ತು ಮನೆಯಲ್ಲಿ ಒಬ್ಬಳೇ ಗಂಜಿ ಉಂಡದ್ದು ನೆನಪಾಗಿ ಅವಳಿಗೆ ಈಗ ಸಿಟ್ಟು ಬಂತು. ಅವತ್ತೇ ಸೀರೆ ಉಟ್ಟು, ಹೋಗಿ, ಮುಂದಿನ ಸಾಲಿನಲ್ಲಿ ಕೂತುಬಿಡಬೇಕಿತ್ತು.

ಅಷ್ಟರಲ್ಲಿ ಹೆದ್ದಾರಿಯ ಕಡೆಯಿಂದ ಬ್ಯಾಂಡು ತಾಸೆಯ ಸದ್ದಿನೊಂದಿಗೆ ಒಂದು ಟೆಂಪೊ ಬಂದು ನಿಂತಿತು. ಯುವಕ ವೃಂದದ ವೇಷಗಳು. ಅಷ್ಟಮಿ ಎಂದರೆ ವೇಷ ಇಲ್ಲದೆ ಹೇಗೆ? ಕೋರೆಹಲ್ಲು, ಕೊಂಬು, ಮೊಳದುದ್ದದ ಉಗುರು, ಮೈಯೆಲ್ಲ ಕಪ್ಪು ಬಣ್ಣ ಬಳಿದುಕೊಂಡ ನಾಲ್ಕು ರಾಕ್ಷಸರು ಧುಮುಕಿದರು. ಅಂಗಡಿ ಅಂಗಡಿಗೆ ಡಬ್ಬಿ ಹಿಡಿದು ಹೋಗಿ, ಕಾಯಿಲೆ ಬಿದ್ದವರ ಚಿಕಿತ್ಸೆಗೆಂದು ಹಣ ಎತ್ತುವುದು ಈಚಿನ ವರ್ಷಗಳ ರೂಢಿ. ಹಾಗೆ ಮೈಗೆ ಬಣ್ಣ ಬಳಿದುಕೊಂಡು ಬೇಡಿ ಎಳೆಮಕ್ಕಳ ಜೀವ ಉಳಿಸಿದವರು ಈ ಜಿಲ್ಲೆಯಲ್ಲಿದ್ದಾರೆ, ಅವರಿಗೆ ಕೈ ಮುಗಿಯಬೇಕು. ನಳಿನಾಕ್ಷಿಯೂ ಪ್ರತಿ ವರ್ಷ ತನ್ನ ಕೈಲಾದಷ್ಟು ಡಬ್ಬಿಗೆ ಹಾಕುತ್ತಿದ್ದಳು. ಈ ಸಲವೂ ಹಾಕಬೇಕೆಂದು ಸೊಂಟದ ಪರ್ಸಿಗೆ ಕೈ ಹಾಕಿದಳು.

ಒಬ್ಬ ರಾಕ್ಷಸ ಟೆಂಪೊದಿಂದ ಫ್ಲೆಕ್ಸಿನ ಸುರುಳಿ ತೆಗೆದು, ಅವಳಿಂದ ಐದು ಹೆಜ್ಜೆಯ ಕರೆಂಟು ಕಂಬಕ್ಕೆ ಬಿಗಿದು ಕಟ್ಟಿದ. ಸುರುಳಿ ಬಿಚ್ಚಿ ಕೆಳಗಿಳಿಯಿತು. ಆಳೆತ್ತರದ ಒಂದು ಮುಖ. ಮುಖ ಎನ್ನಲು ಬಾಯಿ ಬಾರದು. ಚರ್ಮ ಹೋಗಿ ಕೆಂಪು ಮಾಂಸ ಕಾಣುತ್ತಿತ್ತು, ಒಂದು ಕಣ್ಣಿನ ರೆಪ್ಪೆ ಮಗುಚಿಕೊಂಡಿತ್ತು, ತುಟಿ ಊದಿ ಒಂದು ಬದಿಗೆ ಸರಿದಿತ್ತು. ‘ಅಯ್ಯೋ ದೇವರೇ, ಯಾರು ಪಾಪ’ ಎಂದುಕೊಂಡಳು ನಳಿನಾಕ್ಷಿ. ಆಮೇಲೆ ಕೆಳಗಿನ ಅಕ್ಷರ ಓದಿದಳು. ಬೆಂಕಿಯಲ್ಲಿ ಬೆಂದ ಬಡ ತಾಯಿಗೆ ನೆರವಾಗಿ. ನಳಿನಾಕ್ಷಿ, ೪೧ ವರ್ಷ, ಕಾಪು.

ಅವಳು ಎರಡು ಸಲ ಓದಿದಳು. ಆ ದಿನಗಳಲ್ಲಿ ವಾರ್ಡಿನಲ್ಲಿ ಅವಳಿಗೆ ಕನ್ನಡಿ ಕೊಟ್ಟಿರಲಿಲ್ಲ. ಕೇಳಿದಾಗೆಲ್ಲ ನರ್ಸು, “ಈಗ ಬೇಡ ಅಕ್ಕ, ಸ್ವಲ್ಪ ವಾಸಿಯಾಗಲಿ,” ಎನ್ನುತ್ತಿದ್ದಳು. ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ ಬ್ಯಾಂಡೇಜು ಬಿಚ್ಚಿ ಬದಲಿಸುವಾಗ ಯುವಕ ವೃಂದದ ಉಜ್ವಲ್ ಬಾಗಿಲಲ್ಲಿ ನಿಂತಿದ್ದದ್ದು ಮಸುಕಾಗಿ ನೆನಪಿತ್ತು. ಅವನ ಕೈಯಲ್ಲಿ ಮೊಬೈಲು ಇತ್ತು. ಅವಳಿಗೇ ತೋರಿಸದ ಮುಖವನ್ನು ಊರಿಗೆಲ್ಲ ತೋರಿಸಿದ್ದಾರೆ! ಬೆಳಿಗ್ಗೆ ಮಗಳು ಮೊಬೈಲು ಮಗುಚಿ ಹಾಕಿದ್ದು ಯಾಕೆಂದೂ ಈಗ ತಿಳಿಯಿತು. ಆ ಹುಡುಗಿಗೆ ಗೊತ್ತಿತ್ತು. ತಾರಾನಾಥನಿಗೆ ಗೊತ್ತಿತ್ತು. ಪೇಟೆಗೆಲ್ಲ ಗೊತ್ತಿತ್ತು.

ಅವಳು ಕಂಬ ಹಿಡಿದು ಎದ್ದಳು. ಅಷ್ಟರಲ್ಲಿ ಒಂದು ಬಿಳಿ ಕಾರು ಬಂದು ನಿಂತು, ಅದರಿಂದ ಜರಿಪಂಚೆ ಉಟ್ಟ ಒಬ್ಬರು ಇಳಿದರು. ಊರಿನವರಲ್ಲ. ಫ್ಲೆಕ್ಸನ್ನು ನೋಡಿ “ಛೆ ಛೆ” ಎಂದರು. ಆಮೇಲೆ ಅದರ ಪಕ್ಕದಲ್ಲೇ ಮುಖವಾಡ, ಗವಸು ಹಾಕಿ ನಿಂತವಳನ್ನು ನೋಡಿದರು. ಅವರ ಮುಖ ಅರಳಿತು.

“ವೇಷ ಲಾಯಿಕ್ ಆಗಿದೆ ಮಾರಾಯ್ರೇ! ಥೇಟ್ ಸುಟ್ಟವರ ಹಾಗೆಯೇ,” ಎಂದು ಐನೂರರ ಒಂದು ನೋಟನ್ನು ಮೇಲಿನಿಂದಲೇ ಬುಟ್ಟಿಗೆ ಬಿಟ್ಟರು. ಅದು ಅವಳು ಕಟ್ಟಿದ ಚೆಂಡಿನ ಮೇಲೆ ಬಿತ್ತು. “ಆ ಪಾಪದ ಹೆಂಗಸಿಗೆ ತಲುಪಿಸಿ, ಆಯ್ತಾ? ಒಂದು ಸೆಲ್ಫಿ ತೆಗೀಬಹುದಲ್ಲ?”

“ಇದು ವೇಷ ಅಲ್ಲ.”

“ಹಾಂ?”

“ಆ ಪಾಪದ ಹೆಂಗಸು ನಾನೇ.”

ಅವರು ಫ್ಲೆಕ್ಸನ್ನು ನೋಡಿದರು, ಅವಳನ್ನು ನೋಡಿದರು, ಗಹಗಹಿಸಿ ನಕ್ಕರು. “ಓ, ಡೈಲಾಗೂ ಉಂಟಾ!”

ನಳಿನಾಕ್ಷಿ ನಗಲಿಲ್ಲ. ಬಲಗೈಯ ಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು ತೆಗೆದಳು. ಕೈಯನ್ನು ಅವರ ಕಣ್ಣೆದುರು ಹಿಡಿದಳು. ಹೊಳೆಯುವ, ಸುಕ್ಕುಗಟ್ಟಿದ ಕಂದು ಚರ್ಮ, ನೆಟ್ಟಗೆ ನಿಂತ ತೋರುಬೆರಳು. “ಹೂ ಬೇಕಾ? ಚೆಂಡಿಗೆ ಐನೂರು. ಬೇಕಾದ್ರೆ ತೆಗೊಳ್ಳಿ. ಬೇಡದಿದ್ರೆ ನೋಟು ತೆಗೀರಿ, ನನ್ನ ಹೂ ಬಾಡ್ತದೆ.”

ಅವರ ನಗು ನಿಂತಿತು. ಎರಡು ಹೆಜ್ಜೆ ಹಿಂದೆ ಸರಿದರು. “ಸಾರಿ... ಸಾರಿ ಅಮ್ಮ. ಹೂ ಬೇಡ. ದುಡ್ಡು ಇರಲಿ, ನಿಮಗೇ ಅಲ್ವಾ,” ಎನ್ನುತ್ತ ಕಾರು ಹತ್ತಿದರು. ಗಾಜು ಏರಿತು, ಕಾರು ಹೋಯಿತು.

ಗಲಾಟೆ ಕೇಳಿ ಹೊರಗೆ ಬಂದಿದ್ದ ತಾರಾನಾಥ ಸಮಾಧಾನದ ಸ್ವರದಲ್ಲಿ, “ಹೋಗ್ಲಿ ಬಿಡು ನಳಿನಾ. ಹೇಗೂ ಬೋಣಿ ಆಯ್ತಲ್ಲ,” ಎಂದ.

ಅಷ್ಟೇ ಸಾಕಾಯಿತು.

“ಬೋಣಿಯಾ? ಇದು ಬೋಣಿಯಾ ತಾರಣ್ಣ?” ಅವಳ ಸ್ವರ ಬಸ್‌ಸ್ಟ್ಯಾಂಡಿನ ಆಚೆ ತುದಿಗೆ ಕೇಳಿತು. ಬ್ಯಾಂಡಿನವರು ಬಾರಿಸುವುದನ್ನು ನಿಲ್ಲಿಸಿದರು. “ಹೂ ಬೇಡ, ಮುಖ ಬೇಡ, ಭಿಕ್ಷೆ ಮಾತ್ರ ತೆಗೊ ಅಂತ ಬಿಸಾಡಿ ಹೋದ್ರೆ ಅದು ಬೋಣಿಯಾ? ನಿಮ್ಮ ಹೆಂಡತಿಯ ಇಂಥ ಫೋಟೋ ಈ ಕಂಬಕ್ಕೆ ಕಟ್ತಿದ್ರಾ? ಹೇಳಿ! ಇಲ್ಲ, ನಿಮ್ಮ ಅಮ್ಮನದ್ದು ಕಟ್ತಿದ್ರಾ?”

“ಸಣ್ಣಕೆ ಮಾತಾಡು. ವಾಸು ಒಪ್ಪಿದ್ದಾನೆ.”

“ಮುಖ ವಾಸುವಿದ್ದಾ?”

ಸುತ್ತ ಸೇರಿದವರ ಎದುರು ತಾರಾನಾಥನ ಮುಖ ಕೆಂಪಾಯಿತು. “ನಿನ್ನ ಕುತ್ತಿಗೆಯ ಆಪರೇಷನ್ ಬಾಕಿ ಉಂಟು, ಮರೆತಿದ್ದೀಯಾ? ಅದಕ್ಕೇ ಅಲ್ವಾ ಈ ಹುಡುಗರು ಬಿಸಿಲಲ್ಲಿ ಸಾಯುವುದು? ಜನ ದುಡ್ಡು ಹಾಕುವುದು ಆ ಮುಖ ನೋಡಿ ಮಾರಾಯ್ತಿ. ನೀನು ಇಲ್ಲಿ ಎದುರಿಗೇ ಗಟ್ಟಿಮುಟ್ಟಾಗಿ ಕೂತು ವ್ಯಾಪಾರ ಮಾಡ್ತಾ ಇದ್ರೆ ಯಾರು ಹಾಕ್ತಾರೆ? ಅದಕ್ಕೇ ಇವತ್ತೊಂದು ದಿನ ಒಳಗೆ ಇರು ಅಂತ ಹೇಳಿದ್ದು. ದೇವರ ಹೂವು ಗೀವು ಎಲ್ಲ ನಾನು ಸುಮ್ಮನೆ ಹೇಳಿದ್ದು.”

ಆಗ ಅವಳಿಗೆ ಪೂರ್ತಿ ಅರ್ಥವಾಯಿತು. ಮಲಗಿದ್ದರೆ ಪಾಪದವಳು; ಎದ್ದು ಕೂತರೆ ಅಡ್ಡಿ. ಊರಿಗೆ ಅವಳ ಮೇಲೆ ಕರುಣೆ ಇತ್ತು. ಜಾಗ ಮಾತ್ರ ಇರಲಿಲ್ಲ. ಕುತ್ತಿಗೆಯ ಆಪರೇಷನ್ ಬೇಕಾದದ್ದೇ. ಬಲಗಡೆಯ ಚರ್ಮ ಹಗ್ಗದ ಹಾಗೆ ಎಳೆದು ಹಿಡಿದಿತ್ತು, ಪಕ್ಕದವರನ್ನು ನೋಡಲೂ ಮೈಯನ್ನೇ ತಿರುಗಿಸಬೇಕಿತ್ತು. ಇಂಥ ಡಬ್ಬಿಗಳಿಲ್ಲದೆ ಅದು ಯಾವಾಗ ಆದೀತೋ ಅವಳಿಗೆ ಗೊತ್ತಿರಲಿಲ್ಲ.

“ಹೋದ ಸಲ ನೀವೆಲ್ಲ ಮಾಡಿದ್ದಕ್ಕೆ ನಾನು ಸಾಯುವವರೆಗೆ ಕೈ ಮುಗೀತೇನೆ,” ಎಂದಳು. “ಈ ಸಲ ನನಗೆ ಬೇಡ. ಕುತ್ತಿಗೆ ತಿರುಗದಿದ್ರೆ ಮೈ ತಿರುಗಿಸಿ ನೋಡ್ತೇನೆ. ಆ ಫೋಟೋ ಇಳಿಸಿ.”

“ಅಷ್ಟು ಸೊಕ್ಕು ಇದ್ದರೆ ಜಗಲಿ ನನ್ನದು, ಅದೂ ನೆನಪಿರಲಿ,” ಎಂದ ತಾರಾನಾಥ. ಹೇಳಿದ ಕೂಡಲೇ ಅವನಿಗೇ ನಾಚಿಕೆಯಾಗಿರಬೇಕು, ಮುಖ ಆಚೆ ಮಾಡಿದ.

“ನಿಮ್ಮದೇ. ಸಂಜೆ ಎಬ್ಬಿಸಿ. ಸಂಜೆಯವರೆಗೆ ನಾನು ಇಲ್ಲಿಂದ ಏಳುವುದಿಲ್ಲ.”

ರಾಕ್ಷಸರಲ್ಲಿ ಒಬ್ಬ ಮುಂದೆ ಬಂದ. ಕೊಂಬು ತೆಗೆದಾಗ, ಕಪ್ಪು ಬಣ್ಣದ ಅಡಿಯಲ್ಲಿ ಉಜ್ವಲನ ಮುಖ ಗುರುತು ಸಿಕ್ಕಿತು. “ನಿಮ್ಮ ಹತ್ರ ಕೇಳಬೇಕಿತ್ತು ಅಕ್ಕ,” ಎಂದ. ಕರೆಂಟು ಕಂಬದ ಹಗ್ಗ ಬಿಚ್ಚಲು ಅವನ ಉದ್ದ ಉಗುರುಗಳು ಬಿಡಲಿಲ್ಲ. ಒಂದೊಂದೇ ಕಿತ್ತು ಕಿಸೆಗೆ ಹಾಕಿಕೊಂಡು ಬಿಚ್ಚಿದ. ಅವಳು ಬುಟ್ಟಿಯಲ್ಲಿದ್ದ ಐನೂರರ ನೋಟನ್ನು ತುದಿಬೆರಳಲ್ಲಿ ಎತ್ತಿ ಅವನ ಡಬ್ಬಿಗೆ ಹಾಕಿದಳು. “ಕಾಯಿಲೆ ಬಿದ್ದ ಮಕ್ಕಳಿದ್ದಾರಲ್ಲ, ಅವರಿಗೆ ಕೊಡಿ. ಫೋಟೋ ಹಾಕುವ ಮೊದಲು ಅಪ್ಪ ಅಮ್ಮನ ಹತ್ರ ಕೇಳಿ.” ಟೆಂಪೊ ಬ್ಯಾಂಡು ಬಾರಿಸದೆಯೇ ಪಡುಬಿದ್ರಿಯ ಕಡೆ ಹೋಯಿತು.

ಮಧ್ಯಾಹ್ನವಾಯಿತು. ಜನ ದೂರದಿಂದ ನೋಡುತ್ತಿದ್ದರು, ಹತ್ತಿರ ಬರುತ್ತಿರಲಿಲ್ಲ. ಮೊದಲು ಸುಟ್ಟವಳು ಎಂದು ಬಾರದವರು, ಈಗ ಜಗಳಗಂಟಿ ಎಂದು ಬರಲಿಲ್ಲ. ತಾರಾನಾಥ ಗಲ್ಲಾಪೆಟ್ಟಿಗೆಯ ಹಿಂದೆ ಪೇಪರು ಬಿಡಿಸಿ ಕೂತಿದ್ದ, ಒಂದೇ ಪುಟವನ್ನು ಅರ್ಧ ಗಂಟೆಯಿಂದ ಓದುತ್ತಿದ್ದ. ನಳಿನಾಕ್ಷಿ ಹೂವಿನ ಮೇಲೆ ನೀರು ಚಿಮುಕಿಸಿದಳು. ಮೊಗ್ಗುಗಳು ಬಾಯಿ ಬಿಡಲು ತೊಡಗಿದ್ದವು. ಸಂಜೆಯ ಹೊತ್ತಿಗೆ ಅರಳಿ ಹೋದರೆ ಅರ್ಧ ಕ್ರಯಕ್ಕೂ ಕೇಳುವವರಿಲ್ಲ. ಅವಳಿಗೆ ಅಳು ಬಂತು. ಮುಖವಾಡದೊಳಗೆ ಅತ್ತರೆ ಬಟ್ಟೆ ಒದ್ದೆಯಾಗಿ ಚರ್ಮ ಉರಿಯುತ್ತದೆ, ಹಾಗಾಗಿ ಅಳುವ ಹಾಗೂ ಇರಲಿಲ್ಲ.

“ಎಂಥಾ ಮಾರಾಯ್ತಿ ಇದು, ಮೊನ್ನೆಯ ಹೂವಾ?”

ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ಒಬ್ಬಳು ದಪ್ಪ ಹೆಂಗಸು ನಿಂತಿದ್ದಳು. ಹೊಸ ಸೀರೆ, ಕೊರಳಲ್ಲಿ ಎರಡೆಳೆ ಸರ. ಕಡಲ ಬದಿಯ ಮೀನು ಮಾರುವವಳು ಎಂದು ಸ್ವರದಲ್ಲೇ ಗೊತ್ತಾಗುತ್ತಿತ್ತು. ಅಷ್ಟಮಿಗೆ ಮೀನು ಕೊಳ್ಳುವವರಿಲ್ಲ. ಉಡುಪಿಗೆ ವೇಷ ನೋಡಲು ಹೊರಟಿದ್ದಳು.

“ಮೊನ್ನೆಯದ್ದಾ? ಕಣ್ಣು ಡಾಕ್ಟರಿಗೆ ತೋರಿಸಿ. ಇವತ್ತು ಬೆಳಿಗ್ಗೆ ಶಂಕರಪುರದಿಂದ ಬಂದದ್ದು,” ಎಂದಳು ನಳಿನಾಕ್ಷಿ. ಬಾಯಿ ತನ್ನಷ್ಟಕ್ಕೇ ಹೇಳಿಬಿಟ್ಟಿತ್ತು.

“ಮುಖಕ್ಕೆ ಎಂತಾಯ್ತು?”

“ಗ್ಯಾಸು.”

“ಹಾಳಾಗಿ ಹೋಗ್ಲಿ ಆ ಗ್ಯಾಸು.” ಮೀನಿನವಳು ಅಷ್ಟಕ್ಕೇ ಆ ಮಾತು ಮುಗಿಸಿ ಬುಟ್ಟಿಗೆ ಬಗ್ಗಿದಳು. ಎಲ್ಲಕ್ಕಿಂತ ಮುಂದಿದ್ದ ಚೆಂಡನ್ನೇ ಎತ್ತಿ, ತಿರುಗಿಸಿ, ಮೂಗಿಗೆ ಹಿಡಿದು ನೋಡಿದಳು. “ಕಟ್ಟಿದ್ದು ಸಡಿಲ ಉಂಟಲ್ಲ. ಯಾರು ಕಟ್ಟಿದ್ದು ಇದು, ಕಾಲಲ್ಲಿ ಕಟ್ಟಿದ್ದಾ?”

“ಈ ಕೈಯಲ್ಲಿ. ಸಡಿಲ ಆದದ್ದು ನಾಲ್ಕು ಕಡೆ, ನನಗೂ ಗೊತ್ತುಂಟು. ಉದುರಿದ್ರೆ ದುಡ್ಡು ವಾಪಸ್.”

“ಅರ್ಧಕ್ಕೆ ಎಷ್ಟು?”

“ಇನ್ನೂರೈವತ್ತು.”

“ಇನ್ನೂರು.”

“ಇನ್ನೂರಕ್ಕೆ ನೀವು ಎರಡು ಬಂಗುಡೆ ಕೊಡ್ಲಿಕ್ಕಿಲ್ಲ, ನನಗೆ ಹೇಳ್ತೀರಾ!”

“ಅಬ್ಬಾ, ನಿನ್ನ ಬಾಯಿ! ಬಾಯಿಗೆ ಎಂತದೂ ಆಗಲಿಲ್ಲ ಅಲ್ಲಾ?” ಮೀನಿನವಳು ನಕ್ಕುಬಿಟ್ಟಳು. “ಇನ್ನೂರ ಮೂವತ್ತು. ಕೊಡು, ಬಸ್ಸು ಬಂತು.”

ಬಸ್ಸು ಬಂದಿತ್ತು. ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನಿಂತು “ಕಟಪಾಡಿ, ಉಡುಪಿ, ಉಡುಪಿ” ಎಂದು ಕೂಗುತ್ತಿದ್ದ. ನಳಿನಾಕ್ಷಿ ಚೆಂಡನ್ನು ಅರ್ಧಕ್ಕೆ ಕತ್ತರಿಸಿ ಬಾಳೆಲೆ ಎತ್ತಿಕೊಂಡಳು.

“ಕಟ್ಟುವುದು ಬೇಡ. ಮುಡಿಸು,” ಎಂದು ಮೀನಿನವಳು ಹಣವನ್ನು ಅವಳ ಅಂಗೈಯೊಳಗಿಟ್ಟು, ಬೆನ್ನು ತಿರುಗಿಸಿ, ಜಗಲಿಯ ಅಂಚಿನಲ್ಲಿ ಕೂತುಬಿಟ್ಟಳು. ತಲೆಯಿಂದ ಒಂದು ಪಿನ್ನು ಕಿತ್ತು ಹಿಂದಕ್ಕೆ ಚಾಚಿದಳು. ಎಣ್ಣೆ ಹಾಕಿ ಬಾಚಿದ ದಪ್ಪ ತುರುಬು, ಅದರ ಕೆಳಗೆ ಬೆವರಿದ ಕುತ್ತಿಗೆ. ಎಂಟು ತಿಂಗಳಲ್ಲಿ ಹೊರಗಿನವರು ಯಾರೂ ಇಷ್ಟು ಹತ್ತಿರ ಕೂತಿರಲಿಲ್ಲ.

ನಳಿನಾಕ್ಷಿ ಮಲ್ಲಿಗೆಯನ್ನು ತುರುಬಿಗೆ ಸುತ್ತಿದಳು. ಪಿನ್ನು ಬೆರಳಿಗೆ ನಿಲ್ಲಲಿಲ್ಲ, ಜಾರಿ ಮಡಿಲಿಗೆ ಬಿತ್ತು. ಹೆಕ್ಕಿದಳು. ಮತ್ತೆ ಜಾರಿತು. ಮಡಚದ ತೋರುಬೆರಳು ಹೋಗಿ ಆ ಕುತ್ತಿಗೆಗೆ ತಾಗಿದಾಗ ಅವಳು ಬಿಸಿ ತಾಗಿದವಳಂತೆ ಕೈ ಹಿಂದೆಳೆದುಕೊಂಡಳು.

“ಎಂತ ನೋಡ್ತೀ? ಸರಿ ಸಿಕ್ಕಿಸು. ಉಡುಪಿವರೆಗೆ ಬೀಳಬಾರದು.”

ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಅಂಗಡಿಯೊಳಗಿನಿಂದ ತಾರಾನಾಥ ಪೇಪರು ಕೆಳಗಿಟ್ಟು ನೋಡುತ್ತಿದ್ದ. ಅಂಗಡಿಗೆಂದು ಬಂದಿದ್ದ ಇಬ್ಬರು ಹೆಂಗಸರು ಮೆಟ್ಟಿಲಲ್ಲೇ ನಿಂತಿದ್ದರು. ಬಸ್ಸು ಹೊರಟಿತು, ಹೊಗೆ ಬಿಟ್ಟುಕೊಂಡು ಹೆದ್ದಾರಿಗೆ ಏರಿತು. ಮೀನಿನವಳು ಅತ್ತ ತಿರುಗಲಿಲ್ಲ. ಪಿನ್ನು ಕೂರುವವರೆಗೆ ತಲೆಯನ್ನು ಇನ್ನೊಂದಿಷ್ಟು ಮುಂದೆ ಬಗ್ಗಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು.